ಇರುವೆ ಹೆಜ್ಜೆ

ಸೋಡಿಯಂ ದೀಪ ಹಚ್ಚಿದ ಕೂಡಲೇ ಹಳದಿಯಾಗುವುದಿಲ್ಲ.
ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡವರ ಹಾಗೆ
ಮೊದಲು ಕೆಂಪಗೆ ಮುಲುಕುತ್ತದೆ. ಹತ್ತು ನಿಮಿಷ ಕಾಯಬೇಕು.
ರಾತ್ರಿ ಪಾಳಿ. ಹೊರಗೆ ಮಂಡ್ಯ ಮಲಗಿದೆ,
ಗಾಣದ ಹಲ್ಲು ಮಲಗಿಲ್ಲ.
ಕಬ್ಬಿನ ರಸಕ್ಕೆ ಸೀಸದ ಉಪ್ಪು ಹಾಕಿ, ಸೋಸಿ,
ಗುಳ್ಳೆ ಉಳಿಯದ ಹಾಗೆ ಗಾಜಿನ ಕೊಳವೆಗೆ ತುಂಬುತ್ತ
ಹೊಸ ಹುಡುಗ ಬೋರೇಶ ಕೇಳಿದ:
"ಬೆಳಕು ಬಿಟ್ಟ ಮೇಲೆ ಆ ಪರಮಾಣುಗೆ ಏನಾಯ್ತದೆ ಮೇಡಂ?"

ಇಪ್ಪತ್ತಾರು ವರ್ಷದಲ್ಲಿ
ಸಕ್ಕರೆ ಎಷ್ಟು ಅಂತ ಕೇಳಿದವರೇ ಎಲ್ಲ.

ಹಿಂದಕ್ಕೆ ಹೋಗ್ತದೆ ಕಣಪ್ಪ, ಅಂದೆ.
ಶ್ರೀರಂಗಪಟ್ಟಣದಲ್ಲಿ ಹರಿಗೋಲಿನಿಂದ ದಡಕ್ಕೆ ನೆಗೆದಿದ್ದೀಯಲ್ಲ,
ಕಾಲ ಕೆಳಗಿಂದ ಅದು ಹೊಳೆಗೇ ಜಾರುತ್ತಲ್ಲ, ಹಾಗೆ.
ಬೆಳಕಿಗೆ ತೂಕವಿಲ್ಲ, ಒದೆತವಿದೆ.
"ಎಷ್ಟು ದೂರ ಹೋಯ್ತದೆ?"
ದೂರ ಕೇಳಬೇಡ, ವೇಗ ಕೇಳು:
ಸೆಕೆಂಡಿಗೆ ಮೂರು ಸೆಂಟಿಮೀಟರು.
ಚೆಲ್ಲಿದ ರಸದ ಕಡೆಗೆ ಮೇಜಿನಂಚಲ್ಲಿ ಹೊರಟಿದ್ದ
ಇರುವೆ ತೋರಿಸಿದೆ. ಇಷ್ಟೇ.
ಗುಂಡಿನ ಹಾಗೆ ಓಡುತ್ತಲೇ ಇರುವುದಕ್ಕೆ
ಒಂದು ಇರುವೆಯಷ್ಟು ಜಗ್ಗು.

"ನೆಗೆದದ್ದು ಎಲೆಕ್ಟ್ರಾನು ತಾನೆ? ಅದೊಂದೇ ಹೋಗ್ಬೇಕಿತ್ತು."
ಇಲ್ಲ. ಕೆಳಕ್ಕೆ ನೆಗೆದದ್ದು ಅದು,
ಸರಿಯುವುದು ಇಡೀ ಪರಮಾಣು.
ನಡುಮನೆ ಬಿಟ್ಟು ಏಳದ ನ್ಯೂಕ್ಲಿಯಸ್ಸು,
ಏನಾಯಿತೆಂದೇ ತಿಳಿಯದ ಉಳಿದ ಹತ್ತು ಎಲೆಕ್ಟ್ರಾನು,
ಎಲ್ಲ, ಒಟ್ಟಿಗೆ.

ಇಷ್ಟಕ್ಕೆ ಸುಮ್ಮನಾದೆ.
ಉಳಿದದ್ದು ಅವನಿಗೆ ಹೇಳಲಿಲ್ಲ.

ಅಕ್ಕ ಪುಟ್ಟತಾಯಿಗೆ ಆಗ ಹದಿನೇಳು.
ನಾಲೆ ಕೆಲಸದ ಕೂಲಿಪಟ್ಟಿ ಹಿಡಿದು ಸಾಹೇಬರು ಹೆಸರು ಕೂಗಿದಾಗ
ಎದ್ದು ನಿಂತು ಒಂದೇ ಮಾತು:
"ಈ ಹೆಬ್ಬೆಟ್ಟು ನಂದಲ್ಲ. ನಂಗೆ ರುಜು ಹಾಕಕ್ಕೆ ಬತ್ತದೆ."
ತಿಂಗಳೊಪ್ಪತ್ತಿನಲ್ಲಿ ಗುತ್ತಲಿನ ಮನೆ ಖಾಲಿ ಮಾಡಿದೆವು.
ಅವಳೊಬ್ಬಳಲ್ಲ:
ಕಂಟ್ರಾಕ್ಟರನ ಜಗಲಿ ಎಂದೂ ಹತ್ತದ ಅವ್ವ,
ಇನ್ನೂ ಮಾತು ಬಾರದ ತಮ್ಮ, ಗಬ್ಬದ ಎಮ್ಮೆ,
ಗಾಡಿಯಲ್ಲಿ ಕವುಚಿ ಹಾಕಿದ ಒರಳುಕಲ್ಲು.
ಆ ಒರಳು ಜರುಗಿ ನನ್ನ ಸ್ಲೇಟು ಒಡೆಯಿತು.
ಹೊಸಹಳ್ಳಿಯ ಶೀಟಿನ ಮನೆಯಲ್ಲಿ
ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಿತ್ತು.
ಅವಳು ಬಿಟ್ಟ ಆ ಮಾತು ಎತ್ತ ಹೋಯಿತೋ,
ಯಾರ ಗೋಡೆಗೆ ಬಿತ್ತೋ, ಬಿದ್ದೇ ಇಲ್ಲವೋ.

"ಹಂಗಾರೆ ಮೇಡಂ," ಬೋರೇಶ ಇನ್ನೂ ಬಿಟ್ಟಿಲ್ಲ,
"ಒದ್ದು ಒದ್ದು ಎಲ್ಲಾ ಒಂದ್ ಮೂಲೆಗೆ ಸೇರ್ಕೋಬೇಕಿತ್ತು."
ಬಿಡುವಾಗ ದಿಕ್ಕಿಲ್ಲ ಕಣೋ.
ಒಮ್ಮೆ ಎಡಕ್ಕೆ, ಒಮ್ಮೆ ನೆತ್ತಿಗೆ, ಒಮ್ಮೆ ಬಂದ ದಾರಿಗೇ;
ಒದೆತವನ್ನು ಒದೆತವೇ ತಿಂದುಹಾಕುತ್ತದೆ.
ಹೀರುವಾಗ ಹಾಗಲ್ಲ.
ಬೆಳಕು ಒಂದೇ ಕಡೆಯಿಂದ ಬೀಳುತ್ತಿದ್ದರೆ
ಪ್ರತಿ ಸಲವೂ ಅತ್ತಣಿಂದಲೇ ನೂಕು.
ಕೊಟ್ಟದ್ದು ವಜಾ ಆಗುತ್ತದೆ, ಪಡೆದದ್ದು ಜಮೆಯಾಗುತ್ತದೆ.

ಹೇಳುತ್ತ ಹೇಳುತ್ತ ನನಗೇ ಗಂಟಲು ಹಿಡಿಯಿತು.
ಒಡೆದ ಸ್ಲೇಟಿನ ದೊಡ್ಡ ಚೂರಿನ ಮೇಲೆ
ಅಕ್ಕ ನನಗೆ ರುಜು ತಿದ್ದಿಸಿದಳು, ಬಳಪ ಸವೆಯುವವರೆಗೆ.
ಅಲ್ಲಿಂದ ಈ ಸ್ಟೂಲಿನವರೆಗೆ
ನಾನು ನಡೆದು ಬಂದೆ ಅಂದುಕೊಂಡಿದ್ದೆ.

ದೀಪ ಹಳದಿಗೆ ಬಂತು.
ಕಣ್ಣಿಟ್ಟು, ತಿರುಪು ತಿರುಗಿಸಿ,
ಎರಡು ಅರೆಗಳು ಒಂದೇ ಮಬ್ಬಿಗೆ ಬರುವವರೆಗೆ ಉಸಿರು ಹಿಡಿದು
ಅಂಕಿ ಬರೆದೆ. ಹದಿಮೂರೂವರೆ.
ಬೋರೇಶ, ಈಗ ನೀನು ನೋಡು.
ನನ್ನ ಪುಸ್ತಕ ನೋಡಬೇಡ, ನಿನಗೆ ಕಂಡದ್ದು ಬರಿ.

ಅವನಿಗೆ ಹದಿಮೂರು ಮುಕ್ಕಾಲು.
ಎರಡನ್ನೂ ಬಿಟ್ಟೆವು, ಕೆಳಗೆ ಎರಡು ರುಜು.
ಇರುವೆ ಅಷ್ಟರಲ್ಲಿ ರಸ ಮುಟ್ಟಿತ್ತು.